ಓರೆ ಪಟ್ಟಿಗಳ ಗಿಟಾರು

ನಮ್ಮ ಅಡುಗೆಮನೆಯಲ್ಲಿ ಒಂದು ಡ್ರಾವರ್ ಇದೆ. ನಿಮ್ಮ ಮನೆಯಲ್ಲೂ ಇದ್ದೀತು. ರಬ್ಬರ್ ಬ್ಯಾಂಡು, ಅರ್ಧ ಉರಿದ ಮೇಣದ ಬತ್ತಿ, ಯಾವ ಬೀಗದ್ದೆಂದು ಮರೆತುಹೋದ ಕೀಲಿ, ಎಸೆಯಲು ಮನಸ್ಸು ಬಾರದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಕತ್ತರಿ ಹುಡುಕುತ್ತ ಅದರ ತಳದವರೆಗೂ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಚೌಕದ ಕಾಗದದ ಲಕೋಟೆ. ಒಳಗೆ ಬಳೆಯ ಹಾಗೆ ಸುತ್ತಿಟ್ಟ ಗಿಟಾರಿನ ತಂತಿ. ಮಿರಜಿನ ಅಂಗಡಿಯವರು ಗಿಟಾರಿನ ಜೊತೆಗೆ ಸುಮ್ಮನೆ ಕೊಟ್ಟದ್ದು. ಗಿಟಾರು ಕೊಂಡ ವಂದನಾಳ ಕೈ ಸೇರಬೇಕಾದದ್ದು ನನ್ನ ಬ್ಯಾಗಿನಲ್ಲೇ ಉಳಿದು, ಆರು ವರ್ಷದಿಂದ ಇಲ್ಲಿದೆ. ಕೊಡುವುದು ಮರೆತೆ ಎಂದು ನಿಮಗೆ ಹೇಳಿಬಿಡಬಹುದು. ಮರೆತಿರಲಿಲ್ಲ. ಕೊಡಲು ಹೋದರೆ ಗಿಟಾರಿನ ಮಾತು ಬರುತ್ತದೆಂದು ಹೆದರಿದ್ದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಕಾಗವಾಡದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಒಂದೇ ಸಂಗತಿಯಿಂದ ನನಗೆ ಸಿಕ್ಕ ಮರ್ಯಾದೆ ಸ್ವಲ್ಪವಲ್ಲ. ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿಸಲು, ಅರ್ಜಿ ತುಂಬಿಸಲು, ಓಣಿಯವರು ನನ್ನ ಹತ್ತಿರವೇ ಬರುತ್ತಾರೆ. ನಮ್ಮತ್ತೆಯವರಂತೂ ಬಂದವರಿಗೆಲ್ಲ, "ನಮ್ಮ ಸೊಸಿ ಗಿಟಾರ್ ಬಾರಸ್ತಾಳ್ರಿ" ಎಂದು ಹೇಳುತ್ತಿದ್ದರು. ನಿಜವೆಂದರೆ, ಸಿಸ್ಟರ್ ಒಬ್ಬರು ಶನಿವಾರದ ಮಧ್ಯಾಹ್ನಗಳಲ್ಲಿ ಕಲಿಸಿದ ನಾಲ್ಕು ಕಾರ್ಡು, ಎಂದರೆ ಒಟ್ಟಿಗೆ ಮೀಟುವ ಸ್ವರಗಳ ನಾಲ್ಕು ಜೋಡಣೆ, ನನಗೆ ಬರುತ್ತಿದ್ದವು. ಐದನೆಯದಕ್ಕೆ ಬೆರಳು ಎಟಕುವ ಮೊದಲೇ ಶಾಲೆ ಮುಗಿಯಿತು. ನಾಲ್ಕೇ ಎಂದು ನಾನು ಯಾರಿಗೂ ಹೇಳಲಿಲ್ಲ.

ಆ ನಾಲ್ಕನ್ನೂ ವಂದನಾಳಿಗೆ ಅವಳು ಹೈಸ್ಕೂಲಿನಲ್ಲಿದ್ದಾಗ ನಾನೇ ತೋರಿಸಿಕೊಟ್ಟಿದ್ದೆ. ಅವಳ ತಾಯಿ ಕಮಲಾಬಾಯಿ ನಮ್ಮ ದ್ರಾಕ್ಷಿ ಶೆಡ್ಡಿನಲ್ಲಿ ಗೊನೆ ಆರಿಸುವ ಕೆಲಸಕ್ಕೆ ಬರುತ್ತಾರೆ. ಶಾಲೆ ಬಿಟ್ಟ ಮೇಲೆ ಮಗಳು ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದಳು. ಮುಂದೆ ಮಿರಜಿನ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆಯ ಕೆಲಸ ಹಿಡಿದಳು. ಸಾಂಗಲಿಯಲ್ಲಿ ಬ್ಯಾಂಡು ಕಟ್ಟಿಕೊಂಡ ನಾಲ್ವರ ಪರಿಚಯವಾಯಿತು. ಒಂದು ಭಾನುವಾರ ನಮ್ಮ ಹೊಸ್ತಿಲಲ್ಲಿ ನಿಂತು ಕೇಳಿದಳು:

"ವೈನಿ, ಮಿರಜಿಗೆ ನನ್ನ ಜೋಡಿ ಬರ್ತೀರೇನ್ರಿ? ಎಲೆಕ್ಟ್ರಿಕ್ ಗಿಟಾರ್ ನೋಡೂದೈತಿ. ಎಂಟ್ ತಂತೀದು."

"ಎಂಟ್ ಯಾಕ? ಆರ್ ಇರ್ತಾವಲ್ಲ."

"ಕೆಳಗಿನ ದಪ್ಪ ಸ್ವರಕ್ಕ ಎರಡ ಜಾಸ್ತಿರಿ. ಬ್ಯಾಂಡಿನ್ಯಾಗ ಅದನ್ನ ಬಾರಸಾವ ಬಿಟ್ಟ ಹೋಗ್ಯಾನ. ಬರೂ ಐತವಾರದೊಳಗ ಅಂಥಾದ್ದೊಂದು ತಂದ್ರ ಆ ಜಾಗಾ ನಿನಗ ಅಂದಾರ. ಅಂಥಾವು ಭಾಳ ತುಟ್ಟಿ ಇರ್ತಾವ್ರಿ. ಇದೊಂದ ನನ್ನ ಪಗಾರಕ್ಕ ನಿಲುಕೂದು." ಸ್ವಲ್ಪ ತಡೆದು ಸೇರಿಸಿದಳು: "ಒಬ್ಬಾಕಿ ಹೋದ್ರ ಅಂಗಡಿಯವರು ಕೈಯಾಗ ಕೊಡೂದಿಲ್ರಿ. ನೀವಿದ್ರ ಕೊಡ್ತಾರ."

ಅವಳಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ನಿಲ್ಲುವ ಒಂದು ರೇಷ್ಮೆ ಸೀರೆ. ಗಿಟಾರ್ ಬಲ್ಲವಳನ್ನು ಕರೆಯುತ್ತಿದ್ದಾಳೆಂದು ನಾನು ತಿಳಿದೆ.

ಮಿರಜಿನ ಆ ಬೀದಿ ನಿಮಗೆ ಗೊತ್ತಿರಬಹುದು. ಸಿತಾರ್ ಮಾಡುವವರು ಬಾಗಿಲ ಮುಂದೆಯೇ ಕುಂಬಳಕಾಯಿಯ ಬುರುಡೆಗಳನ್ನು ಒಣಗಿಸಿರುತ್ತಾರೆ. ಇಡೀ ಬೀದಿಗೆ ಪಾಲಿಶಿನ ವಾಸನೆ. ಅಂಗಡಿಯವರು ಕಪ್ಪು ಗಿಟಾರೊಂದನ್ನು ಗೋಡೆಯಿಂದ ಇಳಿಸಿ, ಪೆಟ್ಟಿಗೆಯಂಥ ಸ್ಪೀಕರಿಗೆ ವೈರು ಜೋಡಿಸಿ, ವಂದನಾಳ ತೊಡೆಯ ಮೇಲಿಟ್ಟರು. ಅವಳು ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ಗಾಜಿನ ಕಪಾಟು ಸಣ್ಣಗೆ ನಡುಗಿತು. ನನ್ನ ಬಳೆಗಳಿಗೂ ಅದು ತಾಗಿತು.

ನಾನು ನೋಡುತ್ತಿದ್ದದ್ದು ಬೇರೆಯದನ್ನು. ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿ ಲೋಹದ ಪಟ್ಟಿಗಳಿರುತ್ತವಲ್ಲ, ಅವು ನಾನು ಕಂಡ ಗಿಟಾರುಗಳಲ್ಲೆಲ್ಲ ಏಣಿಯ ಮೆಟ್ಟಿಲಿನ ಹಾಗೆ ಸಾಲಾಗಿದ್ದವು. ಇದರಲ್ಲಿ ಒಂದು ಕಡೆಯವು ಇತ್ತ ವಾಲಿದ್ದವು, ಇನ್ನೊಂದು ಕಡೆಯವು ಅತ್ತ. ಬಿಚ್ಚಿದ ಬೀಸಣಿಗೆಯ ಕಡ್ಡಿಗಳಂತೆ. ದ್ರಾಕ್ಷಿ ಬೆಳೆಯುವ ಮನೆಯವರ ಕಣ್ಣು ಎಂಥದ್ದೆಂದು ನಿಮಗೆ ಹೇಳಬೇಕು. ಗೊನೆ ಕೈಗೆ ಬಂದ ಕೂಡಲೇ ಒಂದೇ ಅಳತೆಯದು ಪೆಟ್ಟಿಗೆಗೆ, ಸೊಟ್ಟದ್ದು ಪಕ್ಕದ ಬುಟ್ಟಿಗೆ. ಆ ಬುಟ್ಟಿಯದು ಸಂಜೆ ಕೆಲಸದವರ ಮನೆಗೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತು ಇದನ್ನೇ ಮಾಡಿಸಿದವಳು ನಾನು. ಕೈ ತಾನಾಗಿಯೇ ಮುಂದೆ ಹೋಯಿತು.

"ಪಟ್ಟಿ ಎಲ್ಲಾ ಸೊಟ್ಟ ಕುಂತಾವಲ್ರಿ. ಅದಕ್ಕ ಸೋವಿ ಕೊಡಾಕತ್ತೀರಿ. ನಮ್ಮ ಹುಡುಗಿಗೆ ತಿಳಿಯೂದಿಲ್ಲಂತ ಬುಟ್ಟಿ ಮಾಲ್ ದಾಟಸ್ತೀರೇನ್ರಿ?"

ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅಂಗಡಿಯವರು, "ಹಂಗಲ್ರಿ ತಾಯಿ, ಅದನ್ನ..." ಎಂದು ಶುರು ಮಾಡಿದರು. ವಂದನಾ ಅವರತ್ತ ನೋಡಿ, ಬೇಡವೆಂಬಂತೆ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಅವರು ಬಟ್ಟೆ ತೆಗೆದುಕೊಂಡು ಕಪಾಟಿನ ಗಾಜು ಒರೆಸತೊಡಗಿದರು.

"ವೈನಿ, ಸ್ವರ ಚಲೋ ಐತಿ ಅನಸ್ತೈತ್ರಿ," ಎಂದಳು, ಮೆಲ್ಲಗೆ.

"ಸ್ವರ ಈಗ ಚಲೋ ಇರ್ತೈತಿ. ಆರ್ ತಿಂಗಳ ಹೋಗ್ಲಿ, ಕುತಗೀನ ತಿರುಚ್ಕೋತೈತಿ. ನಿನಗಿಂತ ಮೊದಲ ಗಿಟಾರ್ ಹಿಡದಾಕಿ ನಾನು."

ಅವಳು ದುಪಟ್ಟಾದ ತುದಿಯಿಂದ ತನ್ನ ಬೆರಳಿನ ಗುರುತುಗಳನ್ನು ಒರೆಸಿ ಗಿಟಾರನ್ನು ವಾಪಸ್ಸು ಕೊಟ್ಟಳು. ನಾನು ಆರಿಸಿಕೊಟ್ಟ ಆರು ತಂತಿಯದನ್ನು ಕೊಂಡಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಕಾಗವಾಡ ಬರುವವರೆಗೂ ನಾನು ಮಾತಾಡಿದೆ.

ಎಂಟು ದಿನ ಕಳೆದ ಮೇಲೆ ಮೊಬೈಲಿನಲ್ಲಿ ಆ ಗಿಟಾರನ್ನು ಹುಡುಕಿದೆ. ಗೆದ್ದದ್ದನ್ನು ಇನ್ನೊಮ್ಮೆ ನೋಡುವ ಆಸೆ. ಅಲ್ಲಿ ಸರಳ ಇಂಗ್ಲಿಷಿನಲ್ಲಿ ಬರೆದಿತ್ತು: ದಪ್ಪ ತಂತಿ ಉದ್ದವಿದ್ದರೆ ಜೋಲು ಬೀಳುವುದಿಲ್ಲ, ಸಪೂರ ತಂತಿ ಗಿಡ್ಡವಿದ್ದರೆ ಬೆರಳಿಗೆ ಹಗುರ; ಒಂದೇ ಕುತ್ತಿಗೆಯ ಮೇಲೆ ಎರಡೂ ಬೇಕೆಂದರೆ ಪಟ್ಟಿಗಳನ್ನು ಓರೆಯಾಗಿಯೇ ಕೂರಿಸಬೇಕು. ಎರಡು ಸಲ ಓದಿದೆ. ವಂದನಾ ಇದನ್ನೆಲ್ಲ ತಿಳಿದುಕೊಂಡೇ ಬಂದಿದ್ದಳು. ಹೊರಗಿನವರ ಮುಂದೆ ನನ್ನ ಅಜ್ಞಾನ ಬಯಲಾಗಬಾರದೆಂದು ಅಂಗಡಿಯವರ ಬಾಯಿ ಮುಚ್ಚಿಸಿದ್ದಳು. ಅವಳ ತಾಯಿ ನಮ್ಮ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಇನ್ನೇನು ತಾನೆ ಮಾಡಬಹುದಿತ್ತು? ಆರು ತಂತಿಯನ್ನೇ ಸಡಿಲಿಸಿ ಹೇಗೋ ನಿಭಾಯಿಸಿದರಾಯಿತು ಅಂದುಕೊಂಡಿರಬೇಕು.

ನಿಭಾಯಿಸಲು ಆಗಲಿಲ್ಲ. ಮರುದಿನ ಶೆಡ್ಡಿನಲ್ಲಿ ಕಮಲಾಬಾಯಿಯೇ ಹೇಳಿದರು: "ವಂದೂಗ ಬ್ಯಾಂಡಿನವರು ಬ್ಯಾಡ ಅಂದ್ರಂತ್ರಿ. ತಂತಿ ಕಡಿಮಿ ಬಿದ್ದೂವಂತ. ಹೋಗ್ಲಿ ಬಿಡ್ರಿ. ಖೊಟ್ಟಿ ಮಾಲ್ ತಗೊಳ್ಳಾಕಿದ್ಲು, ನೀವಿದ್ರಿ ಅಂತ ಪಾರಾದ್ಲು. ನಿಮ್ಮ ಉಪಕಾರ ಆತ್ರಿ ವೈನಿ."

ಆಗ ಹೇಳಬಹುದಿತ್ತು. ನಾನು ಮಾಡಿದ್ದೇನು ಗೊತ್ತೆ? ಮುಂಬಯಿಗೆ ಹೊರಟಿದ್ದ ಪೆಟ್ಟಿಗೆಗಳಲ್ಲಿ ಒಂದನ್ನು ಎತ್ತಿ ಅವರ ಕೈಗಿಟ್ಟೆ. ಬುಟ್ಟಿಯದಲ್ಲ, ಪೆಟ್ಟಿಗೆಯದು.

"ಇದ ಯಾಕ್ರಿ ವೈನಿ? ಮನಿಯಾಗ ಏನರೆ ಕಾರ್ಯ ಐತೇನ್ರಿ?"

"ಹಂಗ ಸುಮ್ನ. ಒಯ್ಯಿರಿ ಕಮಲಾಬಾಯಿ."

ಆಮೇಲೆ ಪ್ರತಿ ಸುಗ್ಗಿಗೂ ಹೊಸ ಹೆಂಗಸರು ಕೆಲಸಕ್ಕೆ ಬಂದಾಗ ಕಮಲಾಬಾಯಿ ಗಿಟಾರಿನ ಕಥೆ ಹೇಳುವರು. "ನಮ್ಮ ವೈನಿ ಕಣ್ಣ ತಪ್ಪಸೂದು ಆಗೂದಿಲ್ಲವಾ." ನಾನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಒಂದೆರಡು ಸಲ ನಕ್ಕದ್ದೂ ಉಂಟು.

ಇವತ್ತು ಕತ್ತರಿಯ ವಿಷಯ ಬಿಟ್ಟು, ಲಕೋಟೆ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ನಡೆದೆ. ರಜೆಯ ದಿನ, ತಾಯಿ ಮಗಳು ಇಬ್ಬರೂ ಇದ್ದರು. ಗೋಡೆಯ ಮೇಲೆ ಹಳೆ ಸೀರೆಯ ತುಂಡು ಹೊದ್ದ ಒಂದು ಗಿಟಾರು ನೇತಾಡುತ್ತಿತ್ತು.

"ನೋಡ್ರಿ ವೈನಿ, ನೀವು ಬ್ಯಾಡ ಅಂದಂಥಾದ್ದನ್ನ ಹೋದ ವರ್ಷ ಹೋಗಿ ತಂದಾಳ," ಎಂದರು ಕಮಲಾಬಾಯಿ. "ಹೇಳಿದ್ರ ಕೇಳೂದಿಲ್ಲ. ನಿಮ್ಮ ಕಣ್ಣಿಗೆ ಬೀಳಬಾರದಂತ ಮುಚ್ಚಿಟ್ಟೀನಿ." ಚಹಾ ಮಾಡಲು ಒಳಗೆ ಹೋದರು.

ಹೇಳಿದೆ. ಲಕೋಟೆಯನ್ನು ವಂದನಾಳ ಮುಂದಿಟ್ಟು, ಮೆಲ್ಲನೆಯ ದನಿಯಲ್ಲಿ, ಅವಳಿಗೆ ಮಾತ್ರ ಕೇಳುವಂತೆ, ಅಂದು ತಪ್ಪಿದ್ದು ಗಿಟಾರಲ್ಲ, ನಾನೆಂದು. ಅವಳು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದಳು.

"ನಿಮಗ ಯಾವಾಗ ಗೊತ್ತಾತ್ರಿ?"

"ಎಂಟ್ ದಿನಕ್ಕ."

"ನಿಮಗ ಇನ್ನೂ ಗೊತ್ತಿಲ್ಲ ಅಂತ ತಿಳಿದಿದ್ದೆ ನಾ. ಗೊತ್ತಿಲ್ಲದವರ ಮ್ಯಾಲ ಏನ ಸಿಟ್ಟಾಗೂದು ಅಂತ ಬಿಟ್ಟಿದ್ದೆ."

ಎದ್ದು, ಸೀರೆಯ ತುಂಡು ತೆಗೆದು, ಗಿಟಾರನ್ನು ನನ್ನ ತೊಡೆಯ ಮೇಲಿಟ್ಟಳು. ಎಡಗೈಯನ್ನು ಕುತ್ತಿಗೆಯ ಮೇಲೆ ಇಟ್ಟೆ. ತೋರುಬೆರಳು ತಾನಾಗಿ ಒಂದು ಕಡೆ ವಾಲಿತು, ಕಿರುಬೆರಳು ಇನ್ನೊಂದು ಕಡೆ. ಪಟ್ಟಿಗಳು ಅವುಗಳ ಕೆಳಗೆ ಹಾಗೆಯೇ ವಾಲಿ ಮಲಗಿದ್ದವು.

"ಈಗ ಹೇಳ್ರಿ. ಸೊಟ್ಟ ಐತೇನ್ರಿ?"

"ಇಲ್ಲ."

"ನನಗಲ್ರಿ. ಅವ್ವಗ ಹೇಳ್ರಿ."

ಕಮಲಾಬಾಯಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರು ಕಪ್ಪುಗಳಲ್ಲಿ ಕಿವಿ ಮುರಿಯದ್ದು ನನ್ನ ಕಡೆಗೆ ತಿರುಗಿತ್ತು. ಗಿಟಾರಿನಲ್ಲಿ ಐಬು ಇರಲಿಲ್ಲವೆಂದು ಹೇಳಿದೆ. ತಪ್ಪು ನನ್ನದೆಂದೂ, ಅದು ಎಂಟೇ ದಿನಕ್ಕೆ ನನಗೆ ಗೊತ್ತಾಗಿತ್ತೆಂದೂ ಹೇಳಿದೆ. ಅವರು ನನ್ನತ್ತ ನೋಡಲಿಲ್ಲ. ಮಗಳತ್ತ ನೋಡಿದರು.

"ಮತ್ತ ನೀ ಯಾಕ ನನಗ ಹೇಳಲಿಲ್ಲ ವಂದೂ?"

"ನೀ ನಂಬತಿದ್ದೇನವ್ವಾ?"

ಕಮಲಾಬಾಯಿ ತಟ್ಟೆಯನ್ನು ನೆಲದ ಮೇಲಿಟ್ಟು ಮಗಳ ಪಕ್ಕದಲ್ಲಿ ಕುಳಿತರು. ಚಹಾದ ಮೇಲೆ ಕೆನೆ ಕಟ್ಟಿತು. ಇರಲಿ ಬಿಡ್ರಿ ವೈನಿ ಎಂದು ಇಬ್ಬರಲ್ಲಿ ಯಾರೂ ಅನ್ನಲಿಲ್ಲ. ಆ ಒಂದು ಮಾತಿಗಾಗಿಯೇ ನಾನು ಅಲ್ಲಿಯವರೆಗೆ ನಡೆದು ಹೋಗಿದ್ದೆ ಎಂಬುದು, ಅದು ಸಿಗದೆ ಕುಳಿತಾಗ ನನಗೆ ತಿಳಿಯಿತು.