ಸರ್ವಮಂಗಳ ಆರಿಸಿದ ಹುಡುಗಿ

ಚಳ್ಳಕೆರೆಯಲ್ಲಿ ಸರ್ವಮಂಗಳನ ಮನೆ ಎಲ್ಲಿ ಎಂದು ಕೇಳಿದರೆ ಬಹಳ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಬಾಲ್ ಮೇಡಂ ಮನೆ ಎಂದರೆ ಆಟೋದವರೂ ತೋರಿಸುತ್ತಿದ್ದರು. ದಾವಣಗೆರೆಯಲ್ಲಿ ಓದುವಾಗ ಕಾಲೇಜಿಗಾಗಿ ಬ್ಯಾಸ್ಕೆಟ್‌ಬಾಲ್ ಆಡಿದವಳು, ಮದುವೆಯಾಗಿ ಇಲ್ಲಿನ ಶೇಂಗಾ ವ್ಯಾಪಾರಿಗಳ ಮನೆಗೆ ಬಂದಳು. ಬಂದ ಹೊಸತರಲ್ಲಿ ಮಾವನೆದುರು ತಲೆ ಎತ್ತದವಳು ಒಂದು ದಿನ ಧೈರ್ಯ ಮಾಡಿ, ಊರ ಸ್ಪೋರ್ಟ್ಸ್ ಕ್ಲಬ್ಬಿನ ಅಂಗಳದಲ್ಲಿ ಹಾಳುಬಿದ್ದಿದ್ದ ಎರಡು ಕಂಬಗಳಿಗೆ ಬಳೆ ಹಾಕಿಸಿಕೊಡಿ ಎಂದು ಕೇಳಿದಳು. "ಕಂಬಕ್ಕೆ ಬಳೆ ಕೇಳೋ ಸೊಸೀನ ಇವತ್ತೇ ನೋಡಿದ್ದು" ಎಂದು ಮಾವ ನಕ್ಕರು. ಮರುವಾರವೇ ಕಬ್ಬಿಣದ ಬಳೆ ಬೆಸೆಸಿಕೊಟ್ಟರು.

ಆ ಅಂಗಳದಲ್ಲಿ ಆಕೆ ಕಟ್ಟಿದ ಹುಡುಗಿಯರ ತಂಡ ಜಿಲ್ಲೆಯಲ್ಲಿ ಯಾರಿಗೂ ಸೋಲದೆ ಮೆರೆಯಿತು. 2001ರ ಬೇಸಿಗೆಯಲ್ಲಿ ಅದು ಒಮ್ಮೆಗೇ ಚೆದುರಿಹೋಯಿತು. ಕೆಲವರಿಗೆ ಮದುವೆಯಾಯಿತು, ಕೆಲವರು ಬಿ.ಎಡ್. ಎಂದು ಬೇರೆ ಊರು ಸೇರಿದರು. ಉಳಿದದ್ದು ಚೆಂಡು ಹಿಡಿಯಲು ಆಗಷ್ಟೇ ಕಲಿತ ಮರಿಗಳು.

ಕ್ಲಬ್ಬಿನ ಅಧ್ಯಕ್ಷ ಬೊಮ್ಮಲಿಂಗಪ್ಪನವರು ಎಣ್ಣೆ ಮಿಲ್ಲಿನ ಯಜಮಾನರು, ಸುತ್ತಿ ಬಳಸಿ ಮಾತಾಡುವವರಲ್ಲ. "ಮಂಗಳಮ್ಮಾ, ಎಲ್ಲಾ ಗಿಡಕ್ಕೂ ಒಂದೊಂದು ಹನಿ ಹಾಕಿದ್ರೆ ಯಾವುದೂ ಬೇರು ಬಿಡಲ್ಲ. ಯಾರನ್ನ ನಂಬ್ಕಂಡು ತಂಡ ಕಟ್ತೀರಿ, ಅದನ್ನ ಹೇಳ್ರಿ. ಉಳಿದದ್ದು ನನಗೆ ಬಿಡ್ರಿ" ಎಂದರು.

ಸರ್ವಮಂಗಳನ ಕಣ್ಣಿಗೆ ಬಿದ್ದವರು ಇಬ್ಬರೇ. ಒಬ್ಬಳು ಶಹನಾಜ್, ಲಾರಿ ಮೆಕ್ಯಾನಿಕ್ ನೂರ್ ಅಹಮ್ಮದನ ಮಗಳು. ಗಿಡ್ಡ ಹುಡುಗಿ, ಆದರೆ ಪಾದರಸ. ಚೆಂಡು ಅವಳ ಕೈಗೆ ಬಂದರೆ ಎದುರಿನವರಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಇನ್ನೊಬ್ಬಳು ತ್ರಿವೇಣಿ. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನ ಮಗಳು, ಚಳ್ಳಕೆರೆಯ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದಳು. ಹದಿನಾರಕ್ಕೇ ಬಾಗಿಲ ತೊಲೆಗೆ ತಲೆ ತಾಗುವಷ್ಟು ಎತ್ತರ. ದಾರಿಯಲ್ಲಿ ನಡೆಯುವಾಗ ಹೆಗಲು ಕುಗ್ಗಿಸಿ ತನ್ನನ್ನೇ ಮಡಚಿಕೊಂಡು ಹೋಗುತ್ತಿದ್ದ ಹುಡುಗಿ, ಅಂಗಳಕ್ಕೆ ಕಾಲಿಟ್ಟರೆ ನೆಟ್ಟಗೆ ನಿಲ್ಲುತ್ತಿದ್ದಳು.

ಸರ್ವಮಂಗಳ ಬಹಳ ಯೋಚಿಸಲಿಲ್ಲ. ಓಟ ಕಲಿಸಬಹುದು, ಎತ್ತರ ಕಲಿಸಲಾಗುವುದಿಲ್ಲ. ತ್ರಿವೇಣಿಯನ್ನು ಬೊಮ್ಮಲಿಂಗಪ್ಪನವರ ಮುಂದೆ ನಿಲ್ಲಿಸಿ, ಅವಳ ಹೆಬ್ಬೆರಳನ್ನು ಕಿರುಬೆರಳಿಗೆ ಸೇರಿಸಿ ಅವಳದೇ ಇನ್ನೊಂದು ಕೈಯ ಮಣಿಕಟ್ಟಿನ ಸುತ್ತ ಹಿಡಿಸಿದಳು. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು. "ನೋಡ್ರಿ ಕೈನ. ಚೆಂಡು ಕಿತ್ಕೊಳ್ಳೋಕೆ ದೇವ್ರೇ ಮಾಡಿಟ್ಟಿರೋದು" ಎಂದಳು.

ಅಂದೇ ಶಹನಾಜಳನ್ನು ಕರೆದು, "ಇನ್ಮೇಲೆ ನೀನು ಅವಳಿಗೋಸ್ಕರ ಆಡ್ಬೇಕು" ಎಂದು ಹೇಳಿದಳು.

"ಚೆಂಡು ಅವಳಿಗೇ ಕೊಡ್ತೀನಿ ಮೇಡಂ. ಆದ್ರೆ ಓಡಿದ್ ಮ್ಯಾಲೆ ಅವಳು ಎದೆ ಹಿಡ್ಕಂಡು ಗೋಡೆಗೆ ಒರಗ್ತಾಳೆ. ನೀವು ನೋಡಿಲ್ಲ."

ಸರ್ವಮಂಗಳನಿಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳಿಸಿತು. "ಹೊಸಬರಿಗೆ ದಮ್ಮು ಇರಲ್ಲ, ಬರ್ತೈತೆ" ಎಂದು ಮುಗಿಸಿದಳು. ದಮ್ಮು ಬರಲೆಂದು ಬಿಸಿಲಲ್ಲಿ ಇನ್ನೂ ಎರಡು ಸುತ್ತು ಹೆಚ್ಚು ಓಡಿಸಿದಳು.

ಆ ವರ್ಷ ರಾಜ್ಯದ ಕಿರಿಯರ ಶಿಬಿರಕ್ಕೆ ತ್ರಿವೇಣಿಗೆ ಕರೆ ಬಂತು. ವೈದ್ಯರ ಸರ್ಟಿಫಿಕೇಟ್ ಬೇಕಿತ್ತು. ಮುಖ ನೋಡಿ ಸೀಲು ಒತ್ತಿಕೊಡುವುದೇ ಎಲ್ಲೆಡೆ ರೂಢಿ. ಹಾಗೇ ಅಂದುಕೊಂಡು ಸರ್ವಮಂಗಳ ಅವಳನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದ ವೈದ್ಯೆ ಇನ್ನೂ ಸಣ್ಣ ವಯಸ್ಸಿನವರು. ಎದೆಗೆ ಕೊಳವೆ ಇಟ್ಟು ಕೇಳಿದರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ತ್ರಿವೇಣಿಯ ಕೈ ಹಿಡಿದು, ಅವಳ ಹೆಬ್ಬೆರಳನ್ನೂ ಕಿರುಬೆರಳನ್ನೂ ಇನ್ನೊಂದು ಮಣಿಕಟ್ಟಿನ ಸುತ್ತ ಸೇರಿಸಿದರು.

ಸರ್ವಮಂಗಳ ಹೆಮ್ಮೆಯಿಂದ ನಕ್ಕಳು. ವೈದ್ಯೆ ನಗಲಿಲ್ಲ.

ಸ್ಕ್ಯಾನಿಂಗ್ ಆಯಿತು. ಹುಡುಗಿಯನ್ನು ಹೊರಗೆ ಕೂರಿಸಿ ವೈದ್ಯೆ ಹೇಳಿದರು: "ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡ ಉಬ್ಬಿದೆ. ಹುಟ್ಟಿನಿಂದಲೇ ಬಂದ ಕಾಯಿಲೆ ಇದು. ಈ ಎತ್ತರ, ಈ ಉದ್ದ ಬೆರಳು, ಎಲ್ಲ ಅದರ ಗುರುತು. ಓಡುವಾಗಲೋ ಎಗರುವಾಗಲೋ ಅದು ಒಡೆದರೆ ಆಸ್ಪತ್ರೆಗೆ ತರುವಷ್ಟು ಹೊತ್ತು ಸಿಗುವುದಿಲ್ಲ. ಮಾತ್ರೆ ಕೊಡ್ತೀನಿ. ಆಟ ಇವತ್ತಿಗೆ ಮುಗೀತು."

ಹುಡುಗಿಯಲ್ಲಿ ಸರ್ವಮಂಗಳ ಏನನ್ನು ಮೆಚ್ಚಿದ್ದಳೋ, ಏನನ್ನು ನಾಲ್ಕು ಜನಕ್ಕೆ ತೋರಿಸಿ ಬೀಗಿದ್ದಳೋ ಅದೇ ರೋಗ. ಬಿಸಿಲಲ್ಲಿ ಓಡಿಸಿದ ಆ ಹೆಚ್ಚಿನ ಸುತ್ತುಗಳು ಕಣ್ಣ ಮುಂದೆ ಬಂದವು. ಗೋಡೆಗೆ ಒರಗಿದವಳನ್ನು 'ಏಳು, ಏಳು' ಎಂದು ತಟ್ಟಿ ಎಬ್ಬಿಸಿದ್ದು ತನ್ನದೇ ಕೈ.

ವಾಪಸು ಬಸ್ಸಿನಲ್ಲಿ ವಿಷಯವನ್ನು ಹೇಗೋ ಹೇಳಿದಳು. ತ್ರಿವೇಣಿ ಅಳಲಿಲ್ಲ. ಕಿಟಕಿಯಾಚೆಯ ಶೇಂಗಾ ಹೊಲ ನೋಡುತ್ತಲೇ, "ಆಟ ಇಲ್ಲಾಂದ್ರೆ ಇಷ್ಟು ಎತ್ತರ ಇಟ್ಕಂಡು ನಾನೇನು ಮಾಡ್ಲಿ ಮೇಡಂ?" ಎಂದು ಕೇಳಿದಳು.



ಮರುದಿನ ಇಬ್ಬರೂ ಮೊಳಕಾಲ್ಮೂರಿಗೆ ಹೋದರು. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದೆಂದು ಸರ್ವಮಂಗಳ ಸುಮ್ಮನಿದ್ದಳು. ಮಗ್ಗದ ಸದ್ದಿನ ಬೀದಿ ದಾಟಿ ಮನೆ ಸೇರಿದರೆ, ತ್ರಿವೇಣಿಯ ಅವ್ವ ವಾಣಿಶ್ರೀ ನೀರು ತಂದಿಟ್ಟಳು. ಮುರುಗೇಂದ್ರಪ್ಪ ಒಳಗಿನಿಂದ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಬಂದ. ಅವನನ್ನು ಸರ್ವಮಂಗಳ ನೋಡಿದ್ದು ಅದೇ ಮೊದಲು. ತೆಳ್ಳಗೆ, ಬಿದಿರಿನ ಗಳದಂತಿದ್ದ. ಬಂದವರಿಗೆ ಮರ್ಯಾದೆ ಎಂದು ಹೊಸ ಸೀರೆಯೊಂದನ್ನು ಬಿಡಿಸಿ ಹಿಡಿದ. ಸರ್ವಮಂಗಳನಿಗೆ ಸೀರೆ ಕಾಣಲಿಲ್ಲ. ಅದರ ಅಂಚು ಹಿಡಿದಿದ್ದ ಉದ್ದ ಬೆರಳುಗಳು ಕಂಡವು.

ಮಗಳ ವಿಷಯ ಕೇಳಿ ವಾಣಿಶ್ರೀ ಸೆರಗು ಬಾಯಿಗಿಟ್ಟುಕೊಂಡು ಕುಸಿದು ಕೂತಳು. ಸರ್ವಮಂಗಳ ಮುರುಗೇಂದ್ರಪ್ಪನನ್ನು ಕೇಳಿದಳು. "ನಿಮ್ಮಪ್ಪಾರೂ ಹಿಂಗೇ ಎತ್ತರ ಇದ್ರಾ?"

"ನನಗಿಂತ ಒಂದು ಗೇಣು ಜಾಸ್ತಿ" ಎಂದ ಮುರುಗೇಂದ್ರಪ್ಪ. "ಗಿರಾಕಿ ಮುಂದೆ ಸೀರೆ ಬಿಡಿಸ್ತಾ ಬಿಡಿಸ್ತಾ ಹಂಗೇ ಬಿದ್ದೋದ್ರು. ನನ್ನ ಈಗಿನ ವಯಸ್ಸೇ ಅವರಿಗೆ. ಯಾರದೋ ಕಣ್ಣು ಬಿತ್ತು ಅಂದ್ರು."

ಪಕ್ಕದ ಕೋಣೆಯ ನೇಕಾರ ಏನಾಯಿತೆಂದು ಇಣುಕಿ, "ಏಮೈಂದಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ಸರ್ವಮಂಗಳ ಮುರುಗೇಂದ್ರಪ್ಪನತ್ತಲೇ ತಿರುಗಿದಳು.

"ನೀವೂ ಒಂದ್ಸಲ ತೋರಿಸ್ಕಳ್ರಿ" ಎಂದಳು ಸರ್ವಮಂಗಳ.

"ನನಗೇನಾಗೈತೆ? ಗುಂಡುಕಲ್ಲಿನಂಗೆ ಇದ್ದೀನಿ."

ವಾಣಿಶ್ರೀ ನೆಲದಿಂದ ಎದ್ದು ನಿಂತಳು. "ನಿಮಗೇನೂ ಆಗಿಲ್ಲ ಅಂತ ಆ ಡಾಕ್ಟ್ರು ನನ್ನೆದುರಿಗೆ ಹೇಳ್ಲಿ. ಅಲ್ಲೀತನ ಈ ಮನೇಲಿ ಒಲೆ ಹಚ್ಚಲ್ಲ" ಎಂದಳು.

ಮುರುಗೇಂದ್ರಪ್ಪ ಹೊರಟ. ಚಿತ್ರದುರ್ಗದಲ್ಲಿ ಸ್ಕ್ಯಾನಿಂಗ್ ಪರದೆ ನೋಡುತ್ತಿದ್ದ ವೈದ್ಯೆಯ ಮುಖ ಬಿಳಿಚಿಕೊಂಡಿತು. ಅವರು ಮೆಲ್ಲಗೆ, "ಇವರನ್ನ ಈಗಲೇ ಬೆಂಗಳೂರಿಗೆ ಕರ್ಕೊಂಡು ಹೋಗಿ. ಬಸ್ಸಿನಲ್ಲಲ್ಲ, ಆಂಬುಲೆನ್ಸಿನಲ್ಲಿ. ಒಂದು ಚೀಲವನ್ನೂ ಎತ್ತೋಕೆ ಬಿಡಬೇಡಿ" ಎಂದರು. ನಡೆದುಕೊಂಡು ಬಂದಿದ್ದ ಗಂಡನನ್ನು ಮಲಗಿಸಿ ಸಾಗಿಸುವಾಗ ವಾಣಿಶ್ರೀ ಅವನ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಹತ್ತಿದಳು. ಮಗಳ ಸಲುವಾಗಿ ಶುರುವಾದ ಓಡಾಟ ಅಪ್ಪನನ್ನು ಬೆಂಗಳೂರಿಗೆ ಒಯ್ದಿತು.

ಬೆಂಗಳೂರಿನಲ್ಲಿ ಎದೆ ಸೀಳಿ, ಉಬ್ಬಿದ ನಾಳ ತೆಗೆದು, ಲೋಹದ ಕವಾಟ ಕೂರಿಸಿದರು. ಮುರುಗೇಂದ್ರಪ್ಪ ಬದುಕಿದ.

ಸರ್ವಮಂಗಳ ಶಹನಾಜಳನ್ನೇ ಆರಿಸಿದ್ದರೆ ತ್ರಿವೇಣಿಯನ್ನು ಯಾರೂ ಆಸ್ಪತ್ರೆಗೆ ಒಯ್ಯುತ್ತಿರಲಿಲ್ಲ, ಅಪ್ಪನೂ ಉಳಿಯುತ್ತಿರಲಿಲ್ಲ ಎಂದು ಊರವರು ಆಕೆಯ ಕೈಗುಣ ಹೊಗಳಿದರು. ಆಕೆಗೆ ಮಾತ್ರ ಆ ಹೊಗಳಿಕೆ ಕೇಳಿದಾಗಲೆಲ್ಲ ಬಿಸಿಲಲ್ಲಿ ಓಡಿಸಿದ ಸುತ್ತುಗಳೇ ನೆನಪಾಗುತ್ತಿದ್ದವು. ಶಿಬಿರದ ಕರೆ ಒಂದು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಆಕೆ ಯಾರ ಮುಂದೆಯೂ ಆಡಲಿಲ್ಲ. ಶಹನಾಜಳ ಮುಂದೆ ಮಾತ್ರ ನಿಂತು, "ನೀನು ಹೇಳಿದ್ದೆ. ನಾನು ಕೇಳ್ಲಿಲ್ಲ" ಎಂದಳು. ಶಹನಾಜ್ ಬೂಟಿನ ದಾರ ಕಟ್ಟುತ್ತಲೇ, "ಅವಳು ಚೆನ್ನಾಗವಳಾ ಮೇಡಂ?" ಎಂದಷ್ಟೇ ಕೇಳಿದಳು.

ತಂಡ ಶಹನಾಜಳ ಸುತ್ತಲೇ ಬೆಳೆಯಿತು. ಮೊದಲ ವರ್ಷ ಆಡಿದ್ದೆಲ್ಲ ಸೋಲು. ಬೊಮ್ಮಲಿಂಗಪ್ಪನವರು ಗೊಣಗಿದರು, ಬಿಡಲಿಲ್ಲ. 2004ರಲ್ಲಿ ಆ ಗಿಡ್ಡ ಹುಡುಗಿಯರ ತಂಡ ವಿಭಾಗ ಮಟ್ಟದ ಫೈನಲ್ ಮುಟ್ಟಿ ಸೋತಿತು. ತ್ರಿವೇಣಿ ಒಂದು ವರ್ಷ ಅಂಗಳದ ಕಡೆ ತಲೆಯಿಟ್ಟೂ ಮಲಗಲಿಲ್ಲ. ಆಮೇಲೆ ಆಕೆ ಓದಿದ್ದು ಸ್ಕ್ಯಾನಿಂಗ್ ಕೆಲಸದ ಡಿಪ್ಲೊಮಾ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಹಟ ಹಿಡಿದು ಸೇರಿದಳು.

ಅವಳಿಗೆ ಕೆಲಸ ಸಿಕ್ಕ ಸುದ್ದಿ ಕೇಳಿ ಸರ್ವಮಂಗಳ ಮೊಳಕಾಲ್ಮೂರಿಗೆ ಹೋದಳು. ನೇಕಾರರು ಊಟಕ್ಕೆ ಎದ್ದ ಹೊತ್ತು, ಮಗ್ಗಗಳು ಸುಮ್ಮನಿದ್ದವು. ಎದುರು ಕೂತಿದ್ದ ಮುರುಗೇಂದ್ರಪ್ಪನ ಕಡೆಯಿಂದ ಟಿಕ್, ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಗೋಡೆಯಲ್ಲಿ ಗಡಿಯಾರ ಹುಡುಕಿದಳು, ಇರಲಿಲ್ಲ.

ಮುರುಗೇಂದ್ರಪ್ಪ ಎದೆ ಮೇಲೆ ಕೈಯಿಟ್ಟುಕೊಂಡು ನಕ್ಕ. "ಇಲ್ಲಿಂದ ಬರ್ತೈತೆ ಮೇಡಂ. ಮಗ್ಗ ನಿಂತಾಗ ಎಲ್ಲಾರಿಗೂ ಕೇಳಿಸ್ತೈತೆ."