ಪಶ್ಚಾತ್ತಾಪವಿಲ್ಲದ ಪಾಪನಿವೇದನೆ

ಎರಡನೆಯ ಹೆರಿಗೆಯಾದ ಮೇಲೆ ಆಪರೇಷನ್ ಮಾಡಿಸಿಕೊಂಡೆ. ಹಾಗೆ ಮಕ್ಕಳಾಗದಂತೆ ಮಾಡಿಸಿಕೊಳ್ಳುವುದು ಪಾಪ ಎನ್ನುತ್ತದೆ ನಮ್ಮ ಕಥೋಲಿಕ ಧರ್ಮಸಭೆ. ನನಗೆ ಹಾಗನ್ನಿಸಲಿಲ್ಲ. ಹೀಗೇ ವರ್ಷಗಳು ಕಳೆದವು. ಭಾನುವಾರ ಪೂಜೆಗೆ ತಪ್ಪದೆ ಹೋಗುತ್ತಿದ್ದೆ. ಎಲ್ಲರೂ ಪರಮಪ್ರಸಾದದ ರೊಟ್ಟಿಗೆ ಸಾಲು ನಿಂತಾಗ ಚಿಕ್ಕವಳನ್ನು ಸಂಭಾಳಿಸುವ ನೆಪದಲ್ಲಿ ಬೆಂಚಿನಲ್ಲೇ ಉಳಿಯುತ್ತಿದ್ದೆ.

ದೊಡ್ಡವಳ ಮೊದಲ ಪರಮಪ್ರಸಾದ ಬಂತು ನೋಡಿ, ನೆಪ ಕೈಕೊಟ್ಟಿತು.

"ಅಮ್ಮಾ, ನೀನೂ ನನ್ ಜೊತೆ ತಗೋಬೇಕು," ಎಂದು ಹಟ ಹಿಡಿದಳು. ಅದಕ್ಕೆ ಮೊದಲು ಚರ್ಚಿನ ಸ್ವಾಮಿಗಳ ಮುಂದೆ ಪಶ್ಚಾತ್ತಾಪದಿಂದ ಪಾಪಗಳನ್ನು ಹೇಳಿಕೊಳ್ಳಬೇಕು, ಅದೇ ಪಾಪನಿವೇದನೆ.

ನನ್ನಮ್ಮ ಟೀ ಎಸ್ಟೇಟಿನಲ್ಲಿ ಎಲೆ ಕಿತ್ತು ನನ್ನನ್ನು ಓದಿಸಿದವಳು. ನಮ್ಮ ಕೂಲಿ ಲೈನ್ ಮನೆಗಳಲ್ಲಿ ಮೊದಲ ಬಿ.ಎ. ನಾನೇ, ಇದನ್ನು ಹೇಳುವ ಅವಕಾಶ ನಾನು ಬಿಡುವುದಿಲ್ಲ. ಆಪರೇಷನ್ ವಿಷಯ ಹೇಳಲೇಬೇಕಾ ಎಂದು ಅಮ್ಮನನ್ನು ಕೇಳಿದೆ.

"ನಾನೂ ಎಸ್ಟೇಟ್ ಆಸ್ಪತ್ರೇಲಿ ಮಾಡಿಸ್ಕೊಂಡವ್ಳೇ ಕಣೇ. ಸಾಮಿ ಕೇಳ್ನಿಲ್ಲ, ನಾನೇಳ್ನಿಲ್ಲ. ಇನ್ನೂ ನಾಕು ಹೆತ್ತಿದ್ರೆ ನಿನ್ನ ಡಿಗ್ರಿ ಎಲ್ಲಿಂದ ಬತ್ತಿತ್ತು?"

ಆದರೂ ಶನಿವಾರ ಚರ್ಚಿಗೆ ಹೋಗಿ ಪಾಪನಿವೇದನೆಯ ಜಾಲರಿಯ ಮುಂದೆ ಮಂಡಿಯೂರಿದೆ. ಸ್ವಾಮಿಗಳು ಕೇರಳದವರು; ಕನ್ನಡದಲ್ಲೇ ಮಾತಾಡಿದರೂ ಹೆಣ್ಣುಮಕ್ಕಳನ್ನೆಲ್ಲ ಮಗಳೇ ಎನ್ನುವ ಬದಲು 'ಮೋಳೇ' ಎಂದೇ ಕರೆಯುವವರು.

"ಸ್ವಾಮಿ, ಆಪರೇಷನ್ ಮಾಡಿಸ್ಕೊಂಡಿದೀನಿ. ಪಾಪ ಅಂತಾರೆ, ಗೊತ್ತು. ಆದ್ರೆ ನನಗೆ ಪಶ್ಚಾತ್ತಾಪ ಇಲ್ಲ. ಇದೆ ಅಂತ ಸುಳ್ಳು ಹೇಳಲ್ಲ."

"ಮತ್ತ್ಯಾಕೆ ಬಂದೆ, ಮೋಳೇ?"

"ಮುಚ್ಚಿಟ್ಕೊಂಡು ಮಗಳ ಪಕ್ಕ ನಿಲ್ಲೋಕಾಗಲ್ಲ."

"ಪಾಪ ಅಲ್ಲ ಅಂತ ನಾನು ಹೇಳಕ್ಕಾಗಲ್ಲ."

"ಗೊತ್ತು ಸ್ವಾಮಿ."

"ಹೌದು ಅಂತ ನೀನು ಹೇಳಲ್ಲ. ಓದಿದವಳು ಬೇರೆ."

"ಬಿ.ಎ., ಸ್ವಾಮಿ."

ಜಾಲರಿಯಾಚೆ ಕೆಮ್ಮೋ ನಗುವೋ, ಏನೋ ಕೇಳಿಸಿತು. ಆಮೇಲೆ ನಿಧಾನವಾಗಿ ಹೇಳಿದರು: "ದೇವರ ಮುಂದೆ ಕೂತು ಮನಸ್ಸಾಕ್ಷಿನ ಕೇಳು. ಸಭೆ ಹೇಳಿದ್ದನ್ನೂ ಮರೀಬೇಡ. ನಾಳೆ ಏನು ಮಾಡ್ತೀಯೋ ಅದಕ್ಕೆ ಉತ್ತರ ಕೊಡೋಳು ನೀನೇ. ಬೇರೆ ಪಾಪ?"

ಬೇರೆಯವಕ್ಕೆ ಬರವಿರಲಿಲ್ಲ. ಗಂಡನ ಮೇಲೆ ಕೂಗಾಡಿದ್ದು, ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚು. ಇವಕ್ಕೆಲ್ಲ ನಿಜವಾಗಿಯೂ ನಾಚಿಕೆಯಾಗಿತ್ತು.

ಖಾಲಿ ದೇವಾಲಯದಲ್ಲಿ ತುಂಬಾ ಹೊತ್ತು ಕೂತೆ. ದೇವರಿಗೆ ಎಲ್ಲವನ್ನೂ ಹೇಳಿದೆ, ವಾದವನ್ನೂ ಮಾಡಿದೆ. ಪಶ್ಚಾತ್ತಾಪ ಬರಲಿಲ್ಲ. ಅವನು ನನ್ನ ಮೇಲೆ ಮುನಿದಿದ್ದಾನೆ ಎಂದೂ ಅನ್ನಿಸಲಿಲ್ಲ. ಸಭೆಯದು ತಪ್ಪು ಎಂದು ಸಾಧಿಸುವಷ್ಟು ನಾನು ಓದಿಲ್ಲ. ನನ್ನದು ತಪ್ಪು ಎಂದು ಒಪ್ಪಲೂ ಆಗಲಿಲ್ಲ. ಹೀಗೆ ಒಪ್ಪದೆಯೂ ಅದೇ ಮನೆಯವಳಾಗಿ ಇರಬಹುದೆಂದು ಮಾತ್ರ ಗಟ್ಟಿಯಾಯಿತು.

ಭಾನುವಾರ ಮಗಳ ಹಿಂದೆ ಸಾಲಿನಲ್ಲಿ ನಿಂತೆ. ಸ್ವಾಮಿಗಳು ನನ್ನ ಮುಖ ನೋಡಿದರು, ಪ್ರಸಾದ ಎತ್ತಿದರು: "ಕ್ರಿಸ್ತರ ಶರೀರ."

"ಆಮೆನ್," ಎಂದೆ.

ಹೊರಗೆ ಬಂದ ಮೇಲೆ ಅಮ್ಮ ಬೈದಳು. "ಏನೇ ಅದು, ಅಷ್ಟು ಜೋರಾಗಿ? ಎಲೆ ತೂಕದ ಹತ್ರ ಹೆಸ್ರು ಕೂಗ್ದಾಗ ಓ ಅಂದಂಗಿತ್ತು!"