ಬಿಳಿ ಹಾಳೆಯ ಐವತ್ತು ದಿನ

ತೊಂಬತ್ತರ ದಶಕದಲ್ಲಿ ನಾನು ಕತಾರಿನ ಗ್ಯಾಸ್ ಪ್ಲಾಂಟ್ ಒಂದರಲ್ಲಿ ಟೆಕ್ನಿಶಿಯನ್ ಆಗಿದ್ದೆ. ಗದಗಿನಿಂದ ಅವ್ವ ತೀರಿದ ಫೋನ್ ಬಂದಾಗ ದಹನವೂ ಆಗಿಹೋಗಿತ್ತು. "ಎಲ್ಲಾ ಮುಗದದ, ನೀ ಬಂದು ಏನ್ ಮಾಡ್ತಿ" ಎಂದ ಅಣ್ಣ. ಮರುದಿನ ಡ್ಯೂಟಿಗೆ ಹೋದೆ. ಊರಲ್ಲಿ ಸೂತಕ ಹಿಡಿದಿದ್ದರು. ದೋಹಾದಲ್ಲಿ ಸೂತಕವೆಂದು ಗುಡಿಗೆ ಹೋಗದೆ ಇರೋಣವೆಂದರೆ ಗುಡಿಯೇ ಇರಲಿಲ್ಲ. ಅಳುವೂ ಬರಲಿಲ್ಲ.

ಐದನೆಯ ದಿನ ಕಂಪನಿಯ ತರಬೇತಿಗೆಂದು ಜಪಾನಿಗೆ ಹೊರಟೆವು. ಜೊತೆಗಿದ್ದವರಲ್ಲಿ ವಿಷಯ ಗೊತ್ತಿದ್ದದ್ದು ದೋಹಾದ ಐನ್ ಖಾಲಿದ್‌ನ ನನ್ನ ರೂಮ್‌ಮೇಟ್‌ಗೆ ಮಾತ್ರ. ಅವನು ಮಂಗಳೂರಿನ ಬ್ಯಾರಿ.

ರಜೆಯ ದಿನ ತರಬೇತಿ ಕೊಡುತ್ತಿದ್ದ ಹಿರಿಯರು ನಮ್ಮನ್ನು ಹಳೆಯದೊಂದು ಶಿಂಟೋ ಗುಡಿಗೆ ಕರೆದೊಯ್ದರು. ಎರಡು ಮರದ ಕಂಬ, ಮೇಲೆ ಅಡ್ಡತೊಲೆ, ಅದೇ ಹೆಬ್ಬಾಗಿಲು. ನಾನು ಬಗ್ಗಿ ಶೂ ದಾರ ಬಿಚ್ಚತೊಡಗಿದೆ.

"ಇಲ್ಲಿ ತೆಗೆಯುದು ಬೇಡ ಮಾರಾಯ," ಎಂದ ರೂಮ್‌ಮೇಟ್. "ಯಾರಾದ್ರೂ ಕೊಂಡುಹೋದ್ರೆ ದೋಹಾಕ್ಕೆ ಬರಿಗಾಲಲ್ಲಿ ಹೋಗ್ಬೇಕು."

ಹಿರಿಯರು ಬಾಗಿಲ ಹೊರಗೇ ನಿಂತರು. "ನೀವು ಹೋಗಿ ಬನ್ನಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ನನ್ನ ತಂದೆ ಹೋದ ತಿಂಗಳು ತೀರಿಕೊಂಡರು. ಐವತ್ತು ದಿನ ನಾನು ಒಳಗೆ ಹೋಗುವಂತಿಲ್ಲ."

ನಾನು ದಾರ ಕಟ್ಟಿಕೊಂಡು ಎದ್ದೆ. "ನನ್ನ ತಾಯಿ," ಎಂದೆ. "ಎಂಟು ದಿನ."

ಅವರು ತುಸು ಸರಿದು ನೆರಳಿನಲ್ಲಿ ಜಾಗ ಬಿಟ್ಟರು. ಉಳಿದವರು ಒಳಗೆ ಹೋದರು. ಜಲ್ಲಿಯ ಮೇಲೆ ಅವರ ಹೆಜ್ಜೆ ಸದ್ದು, ಆಮೇಲೆ ಯಾರೋ ದೇವರಿಗೆ ಕೈಮುಗಿಯುತ್ತ ಎರಡು ಸಲ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಪಕ್ಕದ ಅಂಗಡಿಯಲ್ಲಿ ಮುದುಕಿಯೊಬ್ಬಳು ಅಕ್ಕಿಹಿಟ್ಟಿನ ಉಂಡೆ ಸುಡುತ್ತಿದ್ದಳು. ಆ ಐವತ್ತು ದಿನ ಮನೆಯ ದೇವರ ಗೂಡಿಗೂ ಬಿಳಿ ಕಾಗದ ಮುಚ್ಚುತ್ತೇವೆ ಎಂದರು ಹಿರಿಯರು. ನಿಮ್ಮಲ್ಲಿ ಎಷ್ಟು ದಿನ ಎಂದು ಕೇಳಿದರು.

"ಹದಿಮೂರು."

"ಬೇಗ ಮುಗಿಯುತ್ತದೆ," ಎಂದರು.

ದೋಹಾಕ್ಕೆ ಮರಳಿದಾಗ ಹದಿಮೂರು ದಾಟಿತ್ತು. ಅವ್ವ ಕೊಟ್ಟು ಕಳಿಸಿದ್ದ ಎಲ್ಲಮ್ಮನ ಪಟದ ಮೇಲೆ ಬಿಳಿ ಹಾಳೆಯೊಂದನ್ನು ಟೇಪಿನಿಂದ ಅಂಟಿಸಿದೆ. ರೂಮ್‌ಮೇಟ್ ನೋಡಿದ. ಟಿವಿಯ ಸದ್ದು ತಗ್ಗಿಸಿದ. ಆಮೇಲೆ ದಿನವೂ ತಗ್ಗಿಸಿಯೇ ಇಡುತ್ತಿದ್ದ.

ಅವ್ವ ತೀರಿದ ಐವತ್ತನೆಯ ದಿನ ಹಾಳೆ ತೆಗೆದೆ. ಗಾಜಿಗೆ ಟೇಪಿನ ಅಂಟು ಹತ್ತಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿದೆ.

"ಖಲಾಸ್ ಆಯ್ತಾ?" ಎಂದ ಅವನು.

"ದಿನ ಮುಗದ್ವು," ಎಂದೆ.

ಅವನು ಟಿವಿಯ ಸದ್ದು ಏರಿಸಲಿಲ್ಲ.